ಕೊಳ್ಳೆಯಾಗಿ ಸಿಕ್ಕ ಪ್ರಾಣ



ನಂಬಿದವರನ್ನು ದೇವರು ಕಾಯುತ್ತಾನೆ, ಕೈಬಿಡುವುದಿಲ್ಲ ಎಂದು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಆದರೆ ಕಾಯುವುದು ಎಂದರೇನು? ಬೈಬಲಿನ ಇಬ್ಬರು ಪ್ರವಾದಿಗಳು ಒಂದೇ ಊರಿನಲ್ಲಿ, ನೂರು ವರ್ಷದ ಆಚೀಚೆ, ಇದಕ್ಕೆ ಬೇರೆಬೇರೆ ಉತ್ತರ ಕೊಟ್ಟರು. ಆ ಊರು ಯೆಹೂದ ನಾಡಿನ ರಾಜಧಾನಿ ಯೆರೂಸಲೇಮ್.

ಕ್ರಿಸ್ತಪೂರ್ವ 701. ಅಶ್ಶೂರದ ಅರಸ ಸನ್ಹೇರೀಬ ಯೆಹೂದ ನಾಡಿನ ಮೇಲೆ ದಂಡೆತ್ತಿ ಬಂದ. ಲಾಕೀಷ್ ಕೋಟೆ ಬಿತ್ತು. ಆ ಮುತ್ತಿಗೆಯನ್ನು ಕೆತ್ತಿಸಿದ ಅವನ ಅರಮನೆಯ ಕಲ್ಲುಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಯೆರೂಸಲೇಮಿನ ಅರಸ ಹಿಜ್ಕೀಯ ಬೆಳ್ಳಿಬಂಗಾರ ಕೊಟ್ಟರೂ ಬೆದರಿಕೆ ನಿಲ್ಲಲಿಲ್ಲ. ಅವನು ದೇವಾಲಯಕ್ಕೆ ಹೋಗಿ ಪ್ರಾರ್ಥಿಸಿದ. ಶತ್ರು ಈ ಊರೊಳಗೆ ಕಾಲಿಡುವುದಿಲ್ಲ ಎಂದು ಪ್ರವಾದಿ ಯೆಶಾಯ ಹೇಳಿ ಕಳುಹಿಸಿದ. ಒಂದೇ ರಾತ್ರಿಯಲ್ಲಿ ಅಶ್ಶೂರದ 1,85,000 ಮಂದಿ ಸತ್ತರೆಂದು ಬೈಬಲ್ ಹೇಳುತ್ತದೆ. ಸನ್ಹೇರೀಬನ ಶಾಸನದಲ್ಲಿ ಅದರ ಸುಳಿವಿಲ್ಲ. 46 ಕೋಟೆಗಳನ್ನು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು ಅದು ಕೊಚ್ಚಿಕೊಳ್ಳುತ್ತದೆ. ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಹೇಳುವುದಿಲ್ಲ. ಊರು ಉಳಿಯಿತು.

ತೊಡಕು ಹುಟ್ಟಿದ್ದು ಆಮೇಲೆ. ಒಮ್ಮೆ ಉಳಿದ ಊರು ಎಂದೆಂದಿಗೂ ಉಳಿಯುತ್ತದೆ, ದೇವರ ಮನೆಯೇ ಇಲ್ಲಿರುವಾಗ ಭಯವೇಕೆ ಎಂಬ ನೆಚ್ಚಿಕೆ ಜನರಲ್ಲಿ ಬೇರೂರಿತು. ಸುಮಾರು ನೂರು ವರ್ಷದ ನಂತರ ಪ್ರವಾದಿ ಯೆರೆಮೀಯ ಅದೇ ದೇವಾಲಯದ ಬಾಗಿಲಲ್ಲಿ ನಿಂತು ಆ ನೆಚ್ಚಿಕೆಯನ್ನು ಮುರಿದ. ಪರದೇಶಿಯನ್ನು, ತಬ್ಬಲಿಯನ್ನು, ವಿಧವೆಯನ್ನು ಹಿಂಸಿಸುತ್ತ ದೇವಾಲಯದ ಹೆಸರು ಜಪಿಸಿದರೆ ಆ ಗೋಡೆಗಳು ನಿಮ್ಮನ್ನು ಕಾಯಲಾರವು ಎಂದ. ಮುಂದೆ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಸೇನೆ ಊರಿಗೆ ಮುತ್ತಿಗೆ ಹಾಕಿದಾಗ, ಶರಣಾದವರು ಬದುಕುತ್ತಾರೆ ಎಂದೂ ಸಾರಿದ. ಇವನು ಸೈನಿಕರ ಎದೆಗುಂದಿಸುತ್ತಿದ್ದಾನೆಂದು ಅಧಿಕಾರಿಗಳು ಅವನನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಬಾವಿಯಲ್ಲಿ ನೀರಿರಲಿಲ್ಲ, ಬರೀ ಕೆಸರು. ಪ್ರವಾದಿ ಅದರಲ್ಲಿ ಹೂತುಹೋದ.

ಅವನ ನೆರವಿಗೆ ಬಂದವನು ಎಬೆದ್ಮೆಲೆಕ. ಈ ಹೆಸರಿನ ಅರ್ಥ ರಾಜಸೇವಕ ಎಂದಷ್ಟೇ. ಈಜಿಪ್ಟಿನ ತೆಂಕಣ ಕೂಷ್ ನಾಡಿನಿಂದ ಬಂದು ಅರಮನೆಯಲ್ಲಿ ಕೆಲಸಕ್ಕಿದ್ದವನು. ಆಗಿನ ಅರಸನ ಅಪ್ಪಣೆ ಪಡೆದು, ಆಳುಗಳನ್ನು ಕರೆತಂದ. ಉಗ್ರಾಣದಿಂದ ಹರಕು ಬಟ್ಟೆಗಳನ್ನು ಆರಿಸಿ ಬಾವಿಗೆ ಇಳಿಬಿಟ್ಟು, ಕಂಕುಳಿಗೆ ಹಗ್ಗ ಒತ್ತದಂತೆ ಇವನ್ನು ಇಟ್ಟುಕೋ ಎಂದು ಕೂಗಿ ಹೇಳಿದ. ಆಮೇಲೆ ಮೆಲ್ಲಗೆ ಮೇಲೆಳೆದರು.

ಈ ಪರದೇಶಿಗೆ ಯೆರೆಮೀಯನ ಮೂಲಕ ದೇವರ ಮಾತು ಬಂತು. ಊರಿಗೆ ಬರುವ ಕೇಡು ತಪ್ಪದು. ಆದರೆ ನೀನು ನನ್ನನ್ನು ನಂಬಿದ್ದರಿಂದ ನಿನ್ನ ಪ್ರಾಣ ನಿನಗೆ ಕೊಳ್ಳೆಯಾಗಿ ಸಿಗುವುದು ಎಂಬುದು ಅದರ ಸಾರ. ಯೆರೆಮೀಯನ ಲಿಪಿಕಾರ ಬಾರೂಕನಿಗೂ ಇದೇ ಭರವಸೆ ಸಿಕ್ಕಿತ್ತು. ಯುದ್ಧಕ್ಕೆ ಹೋದವನು ಗೆದ್ದರೆ ಕೊಳ್ಳೆ ಹೊತ್ತು ಮನೆಗೆ ಬರುತ್ತಾನೆ. ಇವರ ಪಾಲಿಗೆ ಬಂದ ಕೊಳ್ಳೆ ಒಂದೇ, ಉಸಿರು. ಮನೆಮಠ, ಅರಮನೆ, ದೇವಾಲಯ ಎಲ್ಲವೂ ಬೆಂಕಿಗೆ ಹೋಗಲಿದ್ದವು. ಕ್ರಿಸ್ತಪೂರ್ವ 586ರ ಸುಮಾರಿಗೆ ಹೋದವು ಕೂಡ.

ಯೆಶಾಯನ ಕಾಲದಲ್ಲಿ ಕಾಯುವುದೆಂದರೆ ಕೇಡು ಬಾಗಿಲಿಂದಲೇ ತಿರುಗಿ ಹೋಗುವುದು. ಯೆರೆಮೀಯನ ಕಾಲದಲ್ಲಿ ಕೇಡು ಒಳಗೆ ಬಂದು ಎಲ್ಲವನ್ನೂ ಮುಗಿಸಿದ ಮೇಲೂ ಒಬ್ಬನ ಜೀವ ಉಳಿಯುವುದು. ಮೊದಲನೆಯದನ್ನೇ ನಿಯಮವೆಂದು ತಿಳಿದವರು ಎರಡನೆಯದನ್ನು ಗುರುತಿಸದೇ ಹೋದರು.

ಆ ಮುತ್ತಿಗೆಯ ದಿನಗಳಲ್ಲೇ ಯೆರೆಮೀಯ ಇನ್ನೊಂದು ಕೆಲಸ ಮಾಡಿದ. ಸೆರೆಯಲ್ಲಿದ್ದುಕೊಂಡೇ ತನ್ನ ಹುಟ್ಟೂರು ಅನಾತೋತಿನಲ್ಲಿ ದಾಯಾದಿಯ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡ. ಶತ್ರುವಿನ ಕೈಗೆ ಹೋಗಲಿದ್ದ ನೆಲ ಅದು. ಆದರೂ ಸಾಕ್ಷಿಗಳ ಎದುರು ಬೆಳ್ಳಿ ತೂಗಿ, ಪತ್ರಕ್ಕೆ ಮೊಹರು ಹಾಕಿದ. ಬಹುಕಾಲ ಕೆಡದಂತೆ ಅದನ್ನು ಮಣ್ಣಿನ ಗಡಿಗೆಯಲ್ಲಿ ಇಡಲು ಬಾರೂಕನ ಕೈಗೆ ಕೊಟ್ಟ.