ಗೂಡಿನ ಪದರದಲ್ಲಿ ಬಿಸಿಗಾಳಿ



ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ರಾಮನಗರದ ಮಾರುಕಟ್ಟೆಗೆ ಬರುವ ಹಸಿ ಗೂಡಿನೊಳಗೆ ಜೀವವಿರುವ ಕೋಶವಿದೆ. ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿದರೆ ಎಳೆ ತುಂಡಾಗಿ ಬಿಚ್ಚಾಣಿಕೆಗೆ ಬಾರದು. ಹೀಗಾಗಿ ದಾಸ್ತಾನಿಡುವ ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸಬೇಕು.

ಹಸಿ ಗೂಡಿನ ತೂಕದಲ್ಲಿ ಶೇಕಡಾ 60ಕ್ಕೂ ಹೆಚ್ಚು ನೀರಿರುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,300 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋ ಗಾಳಿ 50 ಡಿಗ್ರಿ ತಣಿದಾಗ ಕೊಡುವುದು ಬರೀ 50. ಅಂದರೆ ಕಿಲೋ ನೀರಿಗೆ 46 ಕಿಲೋ ಗಾಳಿಯಾದರೂ ಗೂಡುಗಳ ನಡುವೆ ಹಾಯಬೇಕು. ಬೆಂಕಿಯಷ್ಟೇ ಗಾಳಿಯ ಓಟವೂ ಮುಖ್ಯ.

ತಟ್ಟೆಯಲ್ಲಿ ಗೂಡನ್ನು ತೆಳುವಾಗಿ, ಸಮವಾಗಿ ಹರಡಿ. ಒತ್ತಾಗಿ ತುಂಬಿದರೆ ಗಾಳಿ ಸಂದು ಸಿಕ್ಕ ಕಡೆಗಷ್ಟೇ ನುಗ್ಗುತ್ತದೆ. ಒಂದೆಡೆ ಗೂಡು ಅತಿಯಾಗಿ ಕಾಯುತ್ತದೆ, ಇನ್ನೊಂದೆಡೆ ಹಸಿಯಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ.

ಸುಮಾರು 110 ಡಿಗ್ರಿಯಲ್ಲಿ ಆರಂಭಿಸಿ, ಐದಾರು ಗಂಟೆಗಳಲ್ಲಿ 60ಕ್ಕೆ ಇಳಿಸಿ. ಮೊದಮೊದಲು ಆವಿಯಾಗುವ ನೀರೇ ಗೂಡನ್ನು ತಂಪಾಗಿಡುತ್ತದೆ. ನೀರು ಕಡಿಮೆಯಾದ ಮೇಲೂ ಶಾಖ ಜೋರಾಗಿದ್ದರೆ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಗಟ್ಟಿಯಾಗುತ್ತದೆ. ಬಿಚ್ಚುವಾಗ ಎಳೆ ಪದೇ ಪದೇ ಹರಿಯುತ್ತದೆ.

ನೂರು ಕಿಲೋ ಹಸಿ ಗೂಡು ಸುಮಾರು 40 ಕಿಲೋಗೆ ಇಳಿದರೆ ಒಣಗಿತೆಂದು ತಿಳಿಯಿರಿ. ಅಂಥ ಗೂಡನ್ನು ತೇವ ತಾಗದಂತೆ ತಿಂಗಳುಗಟ್ಟಲೆ ಇಡಬಹುದು. ನೂಲಿನ ಧಾರಣೆ ಏರಿದಾಗ ಬಿಚ್ಚಬಹುದು.