ಅಟ್ಟದ ಸಾಮಾನು, ಅಂಗೈಯ ಅರ್ಜಿ

ಕೆಲಸ ಹುಡುಕುವುದು ಒಂದು. ಮನೆಯೊಳಗೆ ತುಂಬಿಕೊಂಡ ಸಾಮಾನನ್ನು ವಿಲೇವಾರಿ ಮಾಡುವುದು ಇನ್ನೊಂದು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿದ್ದಂತೆ ತೋರುವುದಿಲ್ಲ. ಮೊದಲನೆಯದರಲ್ಲಿ ಇಲ್ಲದ್ದನ್ನು ಅರಸಬೇಕು. ಎರಡನೆಯದರಲ್ಲಿ ಇದ್ದದ್ದನ್ನು ಬಿಡಬೇಕು. ಆದರೂ ಈ ಎರಡು ಕಾರ್ಯಗಳು ಜೊತೆಯಾಗಿಯೇ ಒಂದು ಮನೆಯ ಹೊಸಿಲು ತುಳಿಯುವುದನ್ನು ನಮ್ಮ ಮಧುಗಿರಿಯ ಕಡೆ ನಾನು ಹಲವು ಸಲ ಕಂಡಿದ್ದೇನೆ. ಈಚೆಗೆ ನಮ್ಮ ಮನೆಗೂ ಅವು ಹಾಗೆಯೇ ಬಂದವು. ಅವುಗಳ ನಂಟು ಎಂಥದು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಹಿಂದೆ ಅಟ್ಟ ಇಳಿಸುವುದಕ್ಕೆ ಪಂಚಾಂಗವೇ ದಿನ ಗೊತ್ತುಮಾಡುತ್ತಿತ್ತು. ಯುಗಾದಿಗೆ ಮುನ್ನ ಗೋಡೆಗೆ ಸುಣ್ಣ, ಮಹಾಲಯಕ್ಕೆ ಮುನ್ನ ಅಟ್ಟದ ಧೂಳು ಎಂಬುದು ವಾಡಿಕೆ. ಆದರೆ ಆ ಶುದ್ಧಿಯಲ್ಲಿ ಯಾವ ವಸ್ತುವೂ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಇಳಿಸುವುದು, ಒರೆಸುವುದು, ಮತ್ತೆ ಏರಿಸುವುದು, ಅಷ್ಟೇ. ತೂತುಬಿದ್ದ ಮೊರಕ್ಕೂ ಮೆಂತ್ಯ ಸೇರಿಸಿ ರುಬ್ಬಿದ ಕಾಗದದ ಹಿಟ್ಟನ್ನು ಬಳಿದು ಇನ್ನೊಂದು ವರ್ಷದ ಆಯುಸ್ಸು ಕೊಡುತ್ತಿದ್ದರು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಬರ ಬಂದ ವರ್ಷ ಮನುಷ್ಯರು ಗುಳೆ ಹೋಗುತ್ತಿದ್ದರು, ನಿಜ. ಆದರೆ ಮನೆ ಅಲ್ಲೇ ಉಳಿದು ಅವರ ದಾರಿ ಕಾಯುತ್ತಿತ್ತು. ಇಂದು ಕೆಲಸ ಕರೆದ ಕಡೆಗೆ ಮನುಷ್ಯನ ಜೊತೆಗೆ ಮನೆಯೂ ಹೊರಡಬೇಕಾಗಿದೆ. ಎಲ್ಲ ತೊಡಕೂ ಹುಟ್ಟುವುದು ಇಲ್ಲಿಯೇ.

ನನ್ನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾನು ಹನ್ನೊಂದು ವರ್ಷ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿದವಳು. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದು, ಕೊನೆಗೆ ಅಲ್ಲಿಯ ಕನ್ನಡ ಮಾಧ್ಯಮದ ತರಗತಿಗಳು ಮುಚ್ಚಿದವು; ಅವುಗಳೊಡನೆ ನನ್ನ ಕೆಲಸವೂ ಹೋಯಿತು. ನನ್ನ ಯಜಮಾನರದು ಪಂಪುಸೆಟ್ಟುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಚಿಕ್ಕ ಅಂಗಡಿ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅತ್ತೆಯವರು ನಮ್ಮ ಜೊತೆಗಿದ್ದಾರೆ. ನಾಲ್ವರಿಗೆ ಬೆಟ್ಟದ ಬುಡದಲ್ಲಿ ಎರಡಂಕಣದ ಒಂದು ಬಾಡಿಗೆ ಮನೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಈ ಮನೆ ಬಿಡಬೇಕು. ಅಲ್ಲಿ ಸಿಗುವ ಮನೆ ಇದಕ್ಕಿಂತ ಕಿರಿದಾಗಿರುವುದಂತೂ ಖಂಡಿತ. ಆದ್ದರಿಂದ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನನ್ನ ಹುಡುಕಾಟ ಆರಂಭವಾಯಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದು ಉಪವಿಭಾಗ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದು ಶೈಕ್ಷಣಿಕ ಜಿಲ್ಲೆ. ಮಳೆಯ ಲೆಕ್ಕದಲ್ಲಿಯೂ ಇವು ಒಂದೇ ಎನ್ನಬಹುದು. ಕಡಲೆಕಾಯಿ, ರಾಗಿ, ಹುಣಿಸೆಗಳನ್ನು ನಂಬಿದ ಒಣಭೂಮಿ. ಮೊಗಲರ ಕಾಲದಲ್ಲಿ ಶಿರಾ ಒಂದು ಸುಭಾದ ರಾಜಧಾನಿಯಾಗಿತ್ತು. ಅಂದು ಎಲ್ಲೆಲ್ಲಿಂದಲೋ ಜನ ಉದ್ಯೋಗ ಬಯಸಿ ಶಿರಾಕ್ಕೆ ಬಂದಿರಬೇಕು. ಇಂದು ಶಿರಾದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಚೀಲಗಳೆಲ್ಲ ಬೆಂಗಳೂರಿನ ಕಡೆಗೆ ಮುಖಮಾಡಿರುತ್ತವೆ.

ಉದ್ಯೋಗವನ್ನು ಹುಡುಕಿಕೊಡುವುದು ಸರ್ಕಾರದ ಕರ್ತವ್ಯ ಎಂಬ ಭಾವನೆ ನಮ್ಮ ದೇಶದಲ್ಲಿ ಬೇರೂರಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಒದಗಿಸಲೆಂದು 1945ರಲ್ಲಿ ಉದ್ಯೋಗ ವಿನಿಮಯ ವ್ಯವಸ್ಥೆ ರೂಪುಗೊಂಡಿತು. 1948ರಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೆಯಿತು. 1959ರ ಕಾಯಿದೆಯ ಪ್ರಕಾರ ಖಾಲಿ ಹುದ್ದೆಗಳನ್ನು ಆ ಕಚೇರಿಗೆ ತಿಳಿಸುವುದು ಕಡ್ಡಾಯವಾಯಿತು. ಆದರೆ ಅಲ್ಲಿ ಹೆಸರು ಬರೆಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಅದರಲ್ಲಿರಲಿಲ್ಲ. ನಮ್ಮ ಹಿರಿಯರು ಬಸ್ಸು ಹಿಡಿದು ತುಮಕೂರಿಗೆ ಹೋಗಿ ಹೆಸರು ಬರೆಸಿ, ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಿ, ಅಂಚೆಯವನ ದಾರಿ ನೋಡುತ್ತಿದ್ದರು. ಪಾವಗಡದವರಿಗೆ ತುಮಕೂರೆಂದರೆ ಸುಮಾರು 100 ಕಿಲೋಮೀಟರು. ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋದಂತೆಯೇ. 2015ರ ಜುಲೈಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ ಆರಂಭವಾಯಿತು. ಖಾಸಗಿಯವರ ಜಾಲತಾಣಗಳು ಅದಕ್ಕಿಂತ ಬಹಳ ಮುಂಚೆಯೇ ಬಂದಿದ್ದವು. ಹೀಗೆ ಪ್ರಯಾಣ ತಪ್ಪಿತು. ಆದರೆ ಕಾಯುವುದು ತಪ್ಪಲಿಲ್ಲ. ಅಂಚೆಯವನ ಬದಲು ಈಗ ಮೊಬೈಲಿನ ಸದ್ದನ್ನು ಕಾಯುತ್ತೇವೆ.

ಅಟ್ಟದಿಂದ ಇಳಿದ ಸಾಮಾನಿಗೆ ನಾನು ಮೂರು ಗುಡ್ಡೆ ಮಾಡಿದೆ: ಇಟ್ಟುಕೊಳ್ಳುವುದು, ಕೊಟ್ಟುಬಿಡುವುದು, ಗುಜರಿಗೆ ಹಾಕುವುದು. ಒಡೆದ ಪ್ಲಾಸ್ಟಿಕ್ ಬಿಂದಿಗೆ, ಕಾಲು ಮುರಿದ ಕುರ್ಚಿ, ಕೆಟ್ಟ ಮಿಕ್ಸಿ ಇವುಗಳ ವಿಷಯದಲ್ಲಿ ಚರ್ಚೆಯೇ ಆಗಲಿಲ್ಲ. ಶಾವಿಗೆ ಒತ್ತುವ ಮಣೆ, ಹುಳ ತಿಂದ ಕುರಿಕಂಬಳಿ, ಒನಕೆ, ಬೀಸುಕಲ್ಲು ಬಂದಾಗ ಕೈ ನಿಂತಿತು. ಅತ್ತೆಯವರು ಬಾಗಿಲ ಬಳಿ ಕುಳಿತು ನೋಡುತ್ತಿದ್ದವರು, “ಎಲ್ಲಿಗೋಯ್ತೀವಿ ಅಂತ್ಲೇ ಗೊತ್ತಿಲ್ಲ. ಏನ್ ಕಟ್ಕೋಬೇಕು, ಏನ್ ಬಿಸಾಕ್ಬೇಕು ಅಂತ ನಿಂಗೆಂಗವ್ವ ಗೊತ್ತಾಯ್ತು?” ಎಂದು ಕೇಳಿದರು.

ಈ ಮಾತನ್ನು ನಾನು ಆ ಮೇಲೆ ಎಷ್ಟೋ ಬಾರಿ ನೆನೆದಿದ್ದೇನೆ. ಬೆಂಗಳೂರಿನ ಮೂರನೆಯ ಮಹಡಿಯ ಒಂದು ಕೋಣೆಗೆ ಹೋಗುವುದಾದರೆ ಬೀಸುಕಲ್ಲು ಹೊರೆ. ಮಧುಗಿರಿಯಲ್ಲೇ ಉಳಿಯುವುದಾದರೆ ಅದು ಹೊರೆಯಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಇಂದಿಗೂ ಅವರೆಬೇಳೆ ಒಡೆಯಲು ಅದರ ಬಳಿಗೆ ಬರುತ್ತಾರೆ. ಹಾಗಿದ್ದಮೇಲೆ ಒಂದು ವಸ್ತು ಬೇಕೋ ಬೇಡವೋ ಎಂಬುದನ್ನು ಆ ವಸ್ತುವಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ನಾವು ಎಲ್ಲಿ ಬಾಳಬೇಕೆಂದಿದ್ದೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಕೆಲಸ ಹುಡುಕುವ ಜಾಲತಾಣವೂ ಬೇರೆ ಮಾತುಗಳಲ್ಲಿ ಇದನ್ನೇ ಕೇಳುತ್ತದೆ. ಅದರ ಮೊದಲ ಪ್ರಶ್ನೆಗಳಲ್ಲೊಂದು, ‘ಯಾವ ಊರಿನಲ್ಲಿ ಕೆಲಸ ಬಯಸುತ್ತೀರಿ?’ ಎಂಬುದು. ನಾನು ‘ಮಧುಗಿರಿ’ ಎಂದು ತುಂಬಿದ ದಿನ ಎರಡು ಮೂರು ಕೆಲಸ ಕಾಣಿಸಿದವು, ಅವೂ ಮನೆಮನೆಗೆ ಸರಕು ಮುಟ್ಟಿಸುವ ಹುಡುಗರಿಗೆ. ‘ಬೆಂಗಳೂರು’ ಎಂದು ತುಂಬಿದೊಡನೆ ಪುಟದ ಮೇಲೆ ಪುಟ ತೆರೆಯಿತು. ನೂರು ಕಿಲೋಮೀಟರಿನ ಅಂತರ ಒಂದು ಪದ ಬದಲಾಯಿಸಿದರೆ ಅಳಿಸಿಹೋಗುತ್ತದೆ ಎಂಬ ಭ್ರಮೆ ಹುಟ್ಟುವುದು ಅಲ್ಲಿಯೇ. ಮೋಟಾರಿನ ಅಂಗಡಿ, ಮಗಳ ಶಾಲೆ, ಅತ್ತೆಯವರ ಮೊಣಕಾಲು ಇವುಗಳನ್ನು ಕೇಳುವ ಅಂಕಣ ಆ ಪುಟದಲ್ಲಿಲ್ಲ.

ಕಾಗದಪತ್ರಗಳ ಟ್ರಂಕಿನದು ಬೇರೆಯೇ ಒಂದು ಅಧ್ಯಾಯ. ಹಳೆಯ ವಿದ್ಯುತ್ ಬಿಲ್ಲು, ಹತ್ತು ವರ್ಷದ ಪ್ರಶ್ನೆಪತ್ರಿಕೆ, ಮದುವೆಯ ಕರೆಯೋಲೆಗಳ ನಡುವೆ ನಾನು ಓದಿದ ಶಾಲೆಯ ಎರಡು ಪ್ರಮಾಣಪತ್ರಗಳು ದೊರೆತವು. ನಾನು ಕೊರಟಗೆರೆ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇಕಡಾ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಉಂಟು. ಅದು ದೊರೆಯಬೇಕಾದರೆ ಅರ್ಜಿ ಹಾಕುವ ಹೊತ್ತಿಗೆ ಪ್ರಮಾಣಪತ್ರ ಕೈಯಲ್ಲಿರಬೇಕು. ವಯೋಮಿತಿ ದಾಟಿರುವ ನನಗೆ ಇವುಗಳಿಂದ ಈಗ ಫಲವಿಲ್ಲ. ಆದರೆ ನನ್ನ ಮಾತು ಕೇಳುತ್ತಿರುವ ತರುಣರಿಗೆ ಹೇಳುತ್ತೇನೆ: ಮನೆ ಹಗುರ ಮಾಡುವ ಉತ್ಸಾಹದಲ್ಲಿ ಇಂಥ ಕಾಗದವನ್ನು ರದ್ದಿಗೆ ಸೇರಿಸಬೇಡಿ. 2015ರಲ್ಲಿ ಬಂದ ಡಿಜಿಲಾಕರ್ ವ್ಯವಸ್ಥೆಯಲ್ಲಿ ಆಯಾ ಸಂಸ್ಥೆಗಳು ನೀಡುವ ಪತ್ರಗಳಿಗೆ ಮೂಲಪತ್ರದ ಮಾನ್ಯತೆಯೇ ಇದೆ. ಆದರೆ ಹಳ್ಳಿಯ ಮುಖ್ಯೋಪಾಧ್ಯಾಯರು ಕೈಬರಹದಲ್ಲಿ ತುಂಬಿ ಮೊಹರು ಒತ್ತಿದ ಹಳೆಯ ಪತ್ರಕ್ಕೆ ಟ್ರಂಕೇ ಭದ್ರವಾದ ಜಾಗ. ಬಾಳಿನಲ್ಲಿ ಬೆಲೆಯುಳ್ಳ ಕಾಗದಗಳೆಲ್ಲ ಸೇರಿದರೂ ಒಂದು ಕೈಚೀಲ ತುಂಬುವುದಿಲ್ಲ ಎಂಬುದನ್ನೂ ಆ ದಿನ ಕಂಡುಕೊಂಡೆ.

ಒಂದು ಸಂಜೆ ನಾನು ಅರ್ಜಿ ತುಂಬುತ್ತಿದ್ದಾಗ ಅತ್ತೆಯವರು ತಮಾಷೆಗೆ, “ನಂದೂ ಒಂದ್ ಅರ್ಜಿ ಆಕವ್ವ” ಎಂದರು. ನಾನೂ ನಗುತ್ತಲೇ ಆರಂಭಿಸಿದೆ. ಅವರ ತವರು ಪಾವಗಡ ತಾಲ್ಲೂಕಿನ ತಿರುಮಣಿಯ ಕಡೆ. ಕಡಲೆಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಬಿತ್ತನೆಗೆ ಯಾವುದು ಯೋಗ್ಯ ಎಂದು ಹೇಳಬಲ್ಲರು. ಹುರುಳಿ, ಅವರೆಗಳಿಗೆ ಬೂದಿ ಬೆರೆಸಿ ಹುಳ ಬೀಳದಂತೆ ವರ್ಷಗಟ್ಟಲೆ ಇಡಬಲ್ಲರು. ತೆಲುಗು, ಕನ್ನಡ ಎರಡರಲ್ಲಿಯೂ ಸಂತೆಯ ವ್ಯವಹಾರ ನಡೆಸಬಲ್ಲರು. ಆದರೆ ‘ವಿದ್ಯಾರ್ಹತೆ’ ಎಂಬಲ್ಲಿ ಬರೆಯಲು ಏನೂ ಇರಲಿಲ್ಲ. ‘ಹಿಂದಿನ ಉದ್ಯೋಗದಾತರ ಹೆಸರು’ ಎಂಬಲ್ಲಿ ಕೆಂಪು ನಕ್ಷತ್ರದ ಗುರುತಿತ್ತು. ಅದನ್ನು ತುಂಬದೆ ಮುಂದಿನ ಪುಟ ತೆರೆಯದು. ಅರವತ್ತು ವರ್ಷ ದುಡಿದ ಹೆಂಗಸಿನ ಅರ್ಜಿ ಅಲ್ಲಿಗೇ ನಿಂತಿತು. ಅವರು ನಕ್ಕರು, ನನಗೆ ಮಾತ್ರ ನಗು ಮುಂದುವರಿಯಲಿಲ್ಲ.

ಅವರ ತವರಿನ ಸೀಮೆಯಲ್ಲಿ ಈಗ ಸುಮಾರು 13,000 ಎಕರೆ ನೆಲದ ಮೇಲೆ ಸೌರಫಲಕಗಳು ಹರಡಿಕೊಂಡಿವೆ. 2018ರ ಮಾರ್ಚಿಯಲ್ಲಿ ಮೊದಲ ಹಂತ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ ಆ ಉದ್ಯಾನದ ಶಕ್ತಿ 2,050 ಮೆಗಾವಾಟ್ ಮುಟ್ಟಿತು. ಭೂಮಿಯನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆ ಕೈಕೊಟ್ಟ ನಾಡಿನಲ್ಲಿ ನೆಲವುಳ್ಳವನಿಗೆ ಇದು ನೆಮ್ಮದಿಯ ಆದಾಯವೇ ಸರಿ. ನೆಲವಿಲ್ಲದೆ ಅದೇ ಹೊಲಗಳಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಬದುಕುತ್ತಿದ್ದವರ ಪಾಲಿಗೆ ಉಳಿದದ್ದು ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲವು ಕೆಲಸಗಳು. ಅವರ ಮಕ್ಕಳೂ ಇಂದು ಮೊಬೈಲು ಹಿಡಿದು ‘ಬೆಂಗಳೂರು’ ಎಂದು ತುಂಬುವವರೇ.

ಈ ಆತುರವನ್ನು ಬಲ್ಲ ವಂಚಕರೂ ಅದೇ ಮೊಬೈಲಿನೊಳಗೆ ಕಾದಿರುತ್ತಾರೆ. ಮನೆಯಲ್ಲೇ ಕುಳಿತು ಪೆನ್ಸಿಲು ತುಂಬಿಕೊಡುವ ಕೆಲಸ, ತಿಂಗಳಿಗೆ ಮೂವತ್ತು ಸಾವಿರ ಸಂಬಳ ಎಂದು ನಮ್ಮ ಬೀದಿಯ ಗೃಹಿಣಿಯೊಬ್ಬರಿಗೆ ಸಂದೇಶ ಬಂತು. ನೋಂದಣಿಗೆಂದು ಒಮ್ಮೆ, ಗುರುತಿನ ಚೀಟಿಗೆಂದು ಮತ್ತೊಮ್ಮೆ ಹಣ ಕಟ್ಟಿಸಿಕೊಂಡರು. ಪೆನ್ಸಿಲು ಬರಲಿಲ್ಲ. ಕೆಲಸ ಕೊಡುವವನು ಹಣ ಕೊಡಬೇಕೇ ಹೊರತು ಕೇಳಬಾರದು ಎಂಬ ಒಂದೇ ಸೂತ್ರವನ್ನು ನೆನಪಿಟ್ಟರೆ ಇಂಥ ಬಲೆಗಳಲ್ಲಿ ಬಹುಪಾಲಿನಿಂದ ಪಾರಾಗಬಹುದು. ಹಣ ಹೋದ ಕೂಡಲೆ ಸಂಕೋಚಪಡದೆ 1930 ಎಂಬ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಎರಡು ತಿಂಗಳ ಮೇಲೆ ಬೆಂಗಳೂರಿನ ಶಾಲೆಯೊಂದು ನನ್ನನ್ನು ಕರೆಯಿತು. ಸಂಬಳ ಇಲ್ಲಿಯದಕ್ಕಿಂತ ಹೆಚ್ಚು. ರಾತ್ರಿ ಊಟವಾದ ಮೇಲೆ ನಾವು ನಾಲ್ವರೂ ಕುಳಿತು ಲೆಕ್ಕ ಹಾಕಿದೆವು. ಬಾಡಿಗೆ, ಮುಂಗಡ, ಮಗಳ ಶಾಲೆಯ ಶುಲ್ಕ ಕಳೆದರೆ ಉಳಿಯುವುದು ಅತ್ಯಲ್ಪ. ಯಜಮಾನರ ಅಂಗಡಿಯನ್ನು ಎತ್ತಿಕೊಂಡು ಹೋಗುವಂತಿಲ್ಲ. ಕೊಳವೆಬಾವಿಯ ಮೋಟಾರು ಸುಡುವುದು ಇಲ್ಲಿಯೇ ಹೊರತು ಅಲ್ಲಲ್ಲ. “ನೀನೊಬ್ಬಳೇ ಹೋಗಿ ಬಾ, ಮನೆ ನಾವು ನೋಡಿಕೊಳ್ಳುತ್ತೇವೆ” ಎಂದು ಅವರು ಹೇಳಿದರು. ಮಗಳು ಏನೂ ಹೇಳಲಿಲ್ಲ. ಅವಳು ಹತ್ತನೆಯ ತರಗತಿ ಮುಗಿಸುವವರೆಗೆ ಹೋಗುವುದು ಬೇಡವೆಂದು ನಾನೇ ತೀರ್ಮಾನಿಸಿದೆ. ಈ ತೀರ್ಮಾನವಾದ ಮೇಲೆ ಅಟ್ಟದ ಸಾಮಾನಿನ ವಿಂಗಡಣೆ ಒಂದೇ ಬೆಳಗಿನಲ್ಲಿ ಮುಗಿಯಿತು. ಬೀಸುಕಲ್ಲು ಉಳಿಯಿತು, ಒನಕೆ ಅಕ್ಕನ ಮನೆಗೆ ಹೋಯಿತು, ಕಂಬಳಿಗೆ ಮುಕ್ತಿ ದೊರೆಯಿತು. ತೆರವಾದ ಹೊರ ಅಂಕಣದಲ್ಲಿ ಸಂಜೆ ಹತ್ತು ಹನ್ನೆರಡು ಮಕ್ಕಳು ಕುಳಿತು ನನ್ನಿಂದ ಪಾಠ ಹೇಳಿಸಿಕೊಳ್ಳುತ್ತಾರೆ. ಅದರ ವರಮಾನ ಹಿಂದಿನ ಸಂಬಳದ ಅರ್ಧಕ್ಕೂ ಮುಟ್ಟುವುದಿಲ್ಲ. ಆದ್ದರಿಂದ ಅರ್ಜಿ ಹಾಕುವುದನ್ನು ನಿಲ್ಲಿಸಿಲ್ಲ. ಊರಿನ ಹೆಸರನ್ನು ಮಾತ್ರ ಬದಲಾಯಿಸಿದ್ದೇನೆ: ಸುಮಾರು 40 ಕಿಲೋಮೀಟರು ದೂರದ ತುಮಕೂರಿನವರೆಗೆ, ಬೆಳಿಗ್ಗೆ ಹೋಗಿ ಸಂಜೆ ಮರಳಬಲ್ಲಷ್ಟು.

ಇನ್ನೊಬ್ಬರ ತೀರ್ಮಾನ ಬೇರೆಯಾಗಬಹುದು, ಅದೂ ಸರಿಯೇ ಇರಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ. ಮೊದಲು ಊರನ್ನು ಗೊತ್ತುಮಾಡಿಕೊಳ್ಳಿ. ಸಾಮಾನೂ ಅರ್ಜಿಯೂ ಆ ಬಳಿಕ ತಾವಾಗಿಯೇ ಕಡಮೆಯಾಗುತ್ತವೆ. ಕೆಲಸ ಕೊಡುವವರಲ್ಲಿಯೂ ನನ್ನದೊಂದು ವಿನಂತಿ ಇದೆ. ಜಾಹೀರಾತಿನಲ್ಲಿ ಸಂಬಳವನ್ನೂ ಸ್ಥಳವನ್ನೂ ಮುಚ್ಚಿಡದೆ ಬರೆಯಿರಿ. ಹಳ್ಳಿಯವರು ಓದುವ ಕನ್ನಡದಲ್ಲಿ ಬರೆಯಿರಿ. ‘ನಿಮಗೆ ಏನು ಮಾಡಲು ಬರುತ್ತದೆ?’ ಎಂಬ ಒಂದು ಅಂಕಣವನ್ನು, ಕೆಂಪು ನಕ್ಷತ್ರವಿಲ್ಲದೆ, ಅರ್ಜಿಯ ತಲೆಯಲ್ಲಿ ಇಡಿ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅದನ್ನು ತುಂಬಬಲ್ಲವರು ಬಹಳ ಮಂದಿ ಇದ್ದಾರೆ.