ಉಂಡು ತುಳಿಯಿರಿ

ನಂದಿ ಬೆಟ್ಟ ಇಳಿದು ಬರುವ ದಾರಿಯಲ್ಲಿ ಒಂದು ಮೋರಿಕಟ್ಟೆಯ ಮೇಲೆ ಅರ್ಧ ಗಂಟೆ ಕೂತಿದ್ದೆ. ಸೈಕಲ್ ಪಂಕ್ಚರ್ ಆಗಿರಲಿಲ್ಲ, ಚೈನು ಕಳಚಿರಲಿಲ್ಲ. ಕೆಟ್ಟು ನಿಂತದ್ದು ನಾನು. ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು, ಹೆಲ್ಮೆಟ್ಟಿನ ಬಕಲ್ ಬಿಚ್ಚುವುದಕ್ಕೂ ಬೆರಳು ಮಾತು ಕೇಳುತ್ತಿರಲಿಲ್ಲ. ಎರಡು ವಾರದಿಂದ ರಾತ್ರಿಯೂಟ ಬಿಟ್ಟಿದ್ದೆ. ಆವತ್ತು ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲೇ ಬೆಂಗಳೂರಿನಿಂದ ಹೊರಟು ಐವತ್ತು ಚಿಲ್ಲರೆ ಕಿಲೋಮೀಟರ್ ತುಳಿದು ಬೆಟ್ಟ ಹತ್ತಿದ್ದೆ. ರಸ್ತೆಯಾಚೆ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ ನೋಡುವಷ್ಟು ನೋಡಿ ಕೊನೆಗೆ ಕೇಳಿಯೇಬಿಟ್ಟರು: “ಯಾಕಪ್ಪಾ, ಹೊಟ್ಟೆಗೇನೂ ತಿಂದಿಲ್ವಾ?”

“ತೂಕ ಇಳಿಸ್ತಿದೀನಿ ಅಜ್ಜಿ” ಅಂದೆ.

ಅಜ್ಜಿ ಎರಡು ಹಣ್ಣು ಹೆಚ್ಚಿ ಉಪ್ಪು-ಖಾರ ಸವರಿ ಕೈಗಿಟ್ಟರು. “ಇಳಿಸೋದಾದ್ರೆ ಮನೇಲಿ ಇಳಿಸ್ಕೊ. ನಡುರಸ್ತೇಲಿ ಯಾಕೆ?” ದುಡ್ಡು ಮಾತ್ರ ಬಿಡಲಿಲ್ಲ, ಪೂರಾ ಎಣಿಸಿ ತಗೊಂಡರು.

ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರೇ, ಅಜ್ಜಿ ಹೇಳಿದ್ದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ಬೇಡ. ಮದುವೆಗೆ ಮುಂಚೆ ಹತ್ತು ಕಿಲೋ, ಕಾಲೇಜು ಫೆಸ್ಟಿಗೆ ಮುಂಚೆ ಐದು ಕಿಲೋ ಎಂದು ಹೊರಟು, ಬೆಳಿಗ್ಗೆ ಸೈಕಲ್, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಬಿಸಿನೀರು ಎಂದು ವ್ರತ ಹಿಡಿದವರನ್ನು ಪ್ರತಿ ಭಾನುವಾರ ಕಾಣುತ್ತೇನೆ. ಮೊದಲ ವಾರ ತಕ್ಕಡಿಯ ಮುಳ್ಳು ಎರಡು ಕಿಲೋ ಹಿಂದಕ್ಕೆ ಬಂದು ಅವರ ಮುಖ ಅರಳುತ್ತದೆ. ಹೋದದ್ದರಲ್ಲಿ ಬಹುಪಾಲು ನೀರು. ನಾವು ತಿಂದ ಅನ್ನ-ಮುದ್ದೆಯ ಶಕ್ತಿ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಸುಮಾರು 400-500 ಗ್ರಾಂ ಕೂಡಿರುತ್ತದೆ. ಅದರ ಒಂದೊಂದು ಗ್ರಾಂ ತನ್ನ ಜೊತೆ ಮೂರು ಗ್ರಾಮಿನಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಉಪವಾಸ ಬಿದ್ದರೆ ಈ ಉಗ್ರಾಣ ಬರಿದಾಗುತ್ತದೆ, ನೀರೂ ಹೊರಟುಹೋಗುತ್ತದೆ. ಹೊಟ್ಟೆಯ ಬೊಜ್ಜು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬರಿದಾದ ಉಗ್ರಾಣ ಇಟ್ಟುಕೊಂಡು ಏರು ಹತ್ತಲು ಹೋದವನಿಗೆ ಆಗುವುದೇ ನನಗೆ ಮೋರಿಕಟ್ಟೆಯ ಮೇಲೆ ಆದದ್ದು. ಸೈಕಲ್ಲಿನವರು ಅದನ್ನು ‘ಬಾಂಕ್’ ಅನ್ನುತ್ತಾರೆ.

ಬೊಜ್ಜಿನ ಲೆಕ್ಕ ಬೇರೆ. ಒಂದು ಕಿಲೋ ಬೊಜ್ಜಿನಲ್ಲಿ ಹೆಚ್ಚುಕಡಿಮೆ 7,700 ಕ್ಯಾಲರಿ ಇದೆ. ದಿನಕ್ಕೆ 500 ಕ್ಯಾಲರಿ ಕೊರತೆ ಮಾಡಿಕೊಂಡರೆ ವಾರಕ್ಕೆ ಅರ್ಧ ಕಿಲೋಕ್ಕಿಂತ ತುಸು ಕಡಿಮೆ, ಮೂರು ತಿಂಗಳಿಗೆ ಐದಾರು ಕಿಲೋ. ಇಷ್ಟೇನಾ ಅನ್ನಿಸಬಹುದು. ಇಷ್ಟೇ. ಆದರೆ ಹೀಗೆ ಇಳಿಯುವುದು ಬರೀ ನೀರಲ್ಲ, ಬೊಜ್ಜು. ಅದರ ಜೊತೆ ಕಾಲಿನ ಶಕ್ತಿ ಅಷ್ಟಾಗಿ ಕರಗಿಹೋಗುವುದಿಲ್ಲ.

ನಂದಿಯನ್ನೇ ತಗೊಳ್ಳಿ. ನಿಮ್ಮ ತೂಕ 75 ಕಿಲೋ, ಸೈಕಲ್ಲಿನದು 10. ಏರು ಹತ್ತಲು 40 ನಿಮಿಷ ಬೇಕು ಅಂದುಕೊಳ್ಳಿ. ಐದು ಕಿಲೋ ಇಳಿದು, ಕಾಲಿನ ಬಲ ಹಾಗೇ ಉಳಿದರೆ ಎರಡು ನಿಮಿಷಕ್ಕಿಂತ ಹೆಚ್ಚು ಉಳಿತಾಯ. ಅದೇ ಐದು ಕಿಲೋವನ್ನು ಹಸಿವಿನಿಂದ ಇಳಿಸಿ, ಕಾಲಿನ ಬಲವೂ ನೂರಕ್ಕೆ ಆರು ಪಾಲು ಕುಂದಿದರೆ? ಮತ್ತೆ ಅದೇ 40 ನಿಮಿಷ. ಮೂರು ತಿಂಗಳ ಉಪವಾಸಕ್ಕೆ ಸಿಕ್ಕ ಫಲ ಸೊನ್ನೆ, ಮೇಲೆ ಸಿಡಿಮಿಡಿ ಬೇರೆ.

ವೃತ್ತಿಪರರು ಹೀಗೆ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡುತ್ತಾರೆ. 2025ರಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್ ಗೆದ್ದ ಪೌಲಿನ್ ಫೆರಾಂ-ಪ್ರೆವೊ ಅದಕ್ಕಾಗಿ ನಾಲ್ಕು ಕಿಲೋ ಇಳಿಸಿದ್ದರು. ಅದು ಪೂರ್ತಿ ಆರೋಗ್ಯಕರ ಸ್ಥಿತಿಯಲ್ಲ ಎಂದು ಒಪ್ಪಿಕೊಂಡವರೂ ಅವರೇ. ಒಂದು ರೇಸಿಗಾಗಿ, ತಂಡದ ಕಣ್ಗಾವಲಿನಲ್ಲಿ ಇಳಿಸಿದ ತೂಕ ಅದು. ಆಫೀಸು, ಟ್ರಾಫಿಕ್ಕು, ಆರು ಗಂಟೆ ನಿದ್ದೆಯ ನಡುವೆ ನೀವು ಅದನ್ನು ನಕಲು ಮಾಡಿದರೆ ಹುಚ್ಚು. ತಿನ್ನುವುದಕ್ಕಿಂತ ಖರ್ಚು ಮಾಡುವುದೇ ತಿಂಗಳುಗಟ್ಟಲೆ ಹೆಚ್ಚಾದರೆ ದೇಹ ಒಂದೊಂದೇ ಅಂಗಡಿಯ ಬಾಗಿಲು ಹಾಕುತ್ತದೆ: ಹುಡುಗಿಯರಿಗೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು, ನೆಗಡಿ ಬಿಟ್ಟು ಹೋಗದಿರಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿತ್ತು, ಹುಡುಗರನ್ನೂ ಸೇರಿಸಿ. ತಂಗೀ, ಮುಟ್ಟು ನಿಂತರೆ ಅದು ಫಿಟ್‌ನೆಸ್ಸಿನ ಗುರುತಲ್ಲ. ಸೈಕಲ್ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗು. ಮೂಳೆಯ ವಿಷಯಕ್ಕೆ ಇನ್ನೊಂದು: ಸೈಕಲ್ ಮೈಭಾರವನ್ನು ತಾನೇ ಹೊರುವುದರಿಂದ ಮೂಳೆಗೆ ಕೆಲಸ ಸಾಲದು. ವಾರಕ್ಕೆರಡು ದಿನ ಬಸ್ಕಿ ಹೊಡೆಯಿರಿ, ಭಾರ ಎತ್ತಿ. ಹಳೆಯ ಗರಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಾದರೆ ಕಡಿಮೆ ಮಾಡುವುದು ಎಲ್ಲಿ? ಸೈಕಲ್ ಮೇಲಲ್ಲ, ಉಳಿದ ಹೊತ್ತಿನಲ್ಲಿ. ಹೊರಡುವ ಮುನ್ನ ಒಂದು ಬಾಳೆಹಣ್ಣು. ರೈಡು ಒಂದೂವರೆ ಗಂಟೆ ದಾಟುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಹೊಟ್ಟೆಗೆ ಬೀಳಬೇಕು. ಅಂದರೆ ಒಂದೆರಡು ಬಾಳೆಹಣ್ಣು, ಅಥವಾ ಒಂದು ಹಣ್ಣು ಮತ್ತು ಶೇಂಗಾ ಚಿಕ್ಕಿ. ನೀರಿನ ಜೊತೆ ಉಪ್ಪು ಮರೆಯಬೇಡಿ. ದಾರಿಯಲ್ಲಿ ಸಿಗುವ ಮಜ್ಜಿಗೆ ಅರ್ಧ ಕೆಲಸ ಮಾಡುತ್ತದೆ. ಮನೆಗೆ ಬಂದ ಮೇಲೆ ಮುದ್ದೆ ಬೇಕಾದರೆ ಮುದ್ದೆ, ರೊಟ್ಟಿ ಬೇಕಾದರೆ ರೊಟ್ಟಿ. ಜೊತೆಗೆ ಹುರುಳಿಯೋ ಹೆಸರುಕಾಳೋ ಮೊಟ್ಟೆಯೋ ಧಾರಾಳವಾಗಿರಲಿ. ತೂಕ ಇಳಿಯುವಾಗ ಸ್ನಾಯು ಉಳಿಸುವುದು ಪ್ರೋಟೀನು. ಕತ್ತರಿ ಆಡಬೇಕಾದ್ದು ಆಫೀಸಿನ ಐದು ಸಲದ ಸಕ್ಕರೆ ಕಾಫಿಗೆ, ಸಂಜೆಯ ಬೋಂಡಾಕ್ಕೆ, ಟಿವಿ ಮುಂದಿನ ಮಿಕ್ಸ್ಚರ್ ಡಬ್ಬಕ್ಕೆ. ಹಾಗೆಯೇ, ನಂದಿಯಿಂದ ಇಳಿದ ಕೂಡಲೇ ನಮ್ಮ ಜನ ದಾಳಿಯಿಡುವ ಮಸಾಲೆ ದೋಸೆ, ಎರಡು ವಡೆ, ಕಾಫಿಗೆ. 75 ಕಿಲೋದವನು ಒಂದು ಗಂಟೆ ಹದವಾಗಿ ತುಳಿದರೆ ಖರ್ಚಾಗುವುದು 500 ಕ್ಯಾಲರಿಯ ಆಸುಪಾಸು. ಆ ಟೇಬಲ್ಲಿನ ಮೇಲೆ 700 ಸುಲಭವಾಗಿ ಮುಗಿಯುತ್ತದೆ. ನಾನೂ ತಿನ್ನುತ್ತೇನೆ, ಸುಳ್ಳು ಹೇಳಲಾರೆ. ವಡೆ ಒಂದೇ.

ವೇಗದ ಹುಚ್ಚೂ ಬೇಡ. ವಾರದ ರೈಡುಗಳಲ್ಲಿ ಮುಕ್ಕಾಲು ಪಾಲು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನವಿರಲಿ. ಗಂಟೆಗಟ್ಟಲೆ ಬೊಜ್ಜನ್ನು ಉರುವಲು ಮಾಡಿಕೊಳ್ಳುವುದನ್ನು ದೇಹ ಕಲಿಯುವುದು ಆ ನಿಧಾನದಲ್ಲೇ. ಹೀಗೆ ಆರು ತಿಂಗಳು ಬಿಡದೆ ತುಳಿದವರಿಗೆ ಬ್ರೆವೆ ಎಂಬ ದೂರದ ಸವಾರಿ ಕಾದಿದೆ: 200 ಕಿಲೋಮೀಟರ್, ಹದಿಮೂರೂವರೆ ಗಂಟೆ ಗಡುವು. ಗಂಟೆಗೆ ಹದಿನೈದು ಕಿಲೋಮೀಟರ್ ಸರಾಸರಿ ಸಾಕು, ಊಟದ ಹೊತ್ತೂ ಸೇರಿ. ಅಲ್ಲಿ ಮೊದಲ ಬಹುಮಾನವಿಲ್ಲ, ಕೊನೆಯವನೂ ಇಲ್ಲ. ಆಮೇಲೆ 300, 400, 600. ಅದರಾಚೆ 1891ರಲ್ಲಿ ಶುರುವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, 1,200 ಕಿಲೋಮೀಟರ್, 90 ಗಂಟೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರ ಮುಂದಿನ ಸರದಿ 2027ರಲ್ಲಿ. ಅಲ್ಲಿಗೆ ಹೋಗಿ ಬಂದ ಭಾರತೀಯರಲ್ಲಿ ನಿಮ್ಮಂತೆಯೇ ತೂಕ ಇಳಿಸಲೆಂದು ಸೈಕಲ್ ಹತ್ತಿದವರಿದ್ದಾರೆ. ಅಂಥ ದೂರದಲ್ಲಿ ತಕ್ಕಡಿ ಯಾರಿಗೂ ನೆನಪಾಗುವುದಿಲ್ಲ, ಮುಂದಿನ ಊರಿನಲ್ಲಿ ತಿನ್ನಲು ಏನು ಸಿಗುತ್ತದೆ ಎಂಬುದೊಂದೇ ಧ್ಯಾನ.

ಇದು ಲಕ್ಷ ರೂಪಾಯಿ ಸೈಕಲ್ ಇರುವವರ ಆಟ ಅನ್ನಬೇಡಿ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಜೋಳದ ರೊಟ್ಟಿ ತಿಂದು ಬೆಳೆದ ರೈತರ ಮಕ್ಕಳು ದಶಕಗಳಿಂದ ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುತ್ತಿದ್ದಾರೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಲಕ್ಷಾಂತರ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತ್ತು. ನಿಮಗೋ ನಿಮ್ಮಕ್ಕನಿಗೋ ಸಿಕ್ಕ ಅಂಥದೊಂದು ಸೈಕಲ್ ಇಂದಿಗೂ ಹಿತ್ತಲಲ್ಲಿ ಗೋಡೆಗೊರಗಿರಬಹುದು. ಈ ಶನಿವಾರ ಅದನ್ನು ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ. ಟ್ಯೂಬು, ಬ್ರೇಕ್ ಶೂ ಹೊಸದು ಹಾಕಿಸಿ, ಚೈನಿಗೆ ಎಣ್ಣೆ ಬಿಡಿಸಿ, ಹಿಂದಕ್ಕೊಂದು ಕೆಂಪು ದೀಪ ಕಟ್ಟಿಸಿ, ತಲೆಗೊಂದು ಹೆಲ್ಮೆಟ್ ತನ್ನಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಾಳೆಹಣ್ಣು ತಿಂದು ಹೊರಡಿ. ಹತ್ತು ಕಿಲೋಮೀಟರ್ ಹೋಗಿ, ಹತ್ತು ಕಿಲೋಮೀಟರ್ ವಾಪಸ್ ಬನ್ನಿ. ಬಂದವರೇ ತಕ್ಕಡಿ ಹತ್ತಬೇಡಿ, ತಿಂಡಿಗೆ ಕೂತುಕೊಳ್ಳಿ.